ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ಸ್ವಯಂಸೇವಕರಾಗುವುದು ಹೇಗೆ? ಅರ್ಜಿಯಿಂದ ವಾರ್ಡಿನವರೆಗೆ ಸಮಗ್ರ ಮಾರ್ಗದರ್ಶಿ

ಹಳ್ಳಿಯಿಂದ ದೊಡ್ಡಾಸ್ಪತ್ರೆಗೆ ಬರುವವರಿಗೆ ಕಾಯಿಲೆಯ ಜೊತೆಗೆ ಇನ್ನೊಂದು ಕಷ್ಟ ಇರುತ್ತದೆ. ದಾರಿ ಗೊತ್ತಿರುವುದಿಲ್ಲ. ಚೀಟಿ ಎಲ್ಲಿ ಮಾಡಿಸಬೇಕು, ಯಾವ ಕೊಠಡಿ ಮುಂದೆ ಕೂರಬೇಕು, ರಕ್ತ ಕೊಟ್ಟ ಮೇಲೆ ರಿಪೋರ್ಟ್ ಯಾವಾಗ ಸಿಗುತ್ತದೆ, ಅದನ್ನು ತಗೊಂಡು ಮತ್ತೆ ಯಾರ ಹತ್ತಿರ ಹೋಗಬೇಕು, ಒಂದೂ ತಿಳಿಯುವುದಿಲ್ಲ. ಡಾಕ್ಟರ್ ಮುಂದೆ ಉದ್ದನೆಯ ಸಾಲು. ನರ್ಸ್ ಕೈಯಲ್ಲಿ ಹತ್ತು ಕೆಲಸ. ಒಬ್ಬೊಬ್ಬರನ್ನೂ ಕೂರಿಸಿ ನಿಧಾನವಾಗಿ ಹೇಳಲು ಅವರಿಗೆ ಪುರುಸೊತ್ತಾದರೂ ಎಲ್ಲಿ? ಸ್ವಯಂಸೇವಕರ ಕೆಲಸ ಇರುವುದೇ ಅಲ್ಲಿ.

ಈ ಮಾರ್ಗದರ್ಶಿಯನ್ನು ಕೋಲಾರವನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದಿದ್ದೇನೆ. ಮುಳಬಾಗಿಲು, ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರ, ಕೆಜಿಎಫ್ ತಾಲ್ಲೂಕು ಆಸ್ಪತ್ರೆಗಳಿಗೂ ಬಹುಪಾಲು ಹೀಗೇ ಅನ್ವಯಿಸುತ್ತದೆ. ನರ್ಸಿಂಗ್ ಓದಿರಬೇಕು ಅಂತೇನೂ ಇಲ್ಲ. ಕನ್ನಡ ಓದಲು ಬರೆಯಲು ಬರಬೇಕು, ತಾಳ್ಮೆ ಇರಬೇಕು, ಹೇಳಿದ ದಿನ ಹೇಳಿದ ಹೊತ್ತಿಗೆ ಬರಬೇಕು. ಈ ಮೂರರಲ್ಲಿ ಕೊನೆಯದೇ ಕಷ್ಟದ್ದು.

ಹಂತ 1: ಎಷ್ಟು ಹೊತ್ತು ಕೊಡಬಲ್ಲಿರಿ ಎಂದು ಮೊದಲು ತೀರ್ಮಾನಿಸಿ

ಉತ್ಸಾಹದಲ್ಲಿ 'ದಿನಾ ಬರ್ತೀನಿ' ಎನ್ನಬೇಡಿ. ವಾರಕ್ಕೆ ಒಂದು ಬೆಳಿಗ್ಗೆ, ಮೂರು ಗಂಟೆ. ಶುರುವಿಗೆ ಇಷ್ಟು ಸಾಕು. ಅದನ್ನೇ ಆರು ತಿಂಗಳು ತಪ್ಪದೆ ಮಾಡಿದರೆ ಆಸ್ಪತ್ರೆಯವರು ನಿಮ್ಮನ್ನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ. ಎರಡು ವಾರ ದಿನಾ ಬಂದು ಆಮೇಲೆ ಮಾಯವಾದರೆ, ನಿಮಗೆ ಕೆಲಸ ಕಲಿಸಲು ಸಿಬ್ಬಂದಿ ಕೊಟ್ಟ ಸಮಯವೂ ವ್ಯರ್ಥ. ನಿಮ್ಮ ನಂತರ ಬಂದು ಕೇಳುವವರಿಗೂ 'ಇವರೂ ಅಷ್ಟೇ' ಎಂಬ ಉತ್ತರ ಸಿಗುತ್ತದೆ.

ಯಾವ ಹೊತ್ತು ಒಳ್ಳೆಯದು? ಹೊರರೋಗಿ ವಿಭಾಗದಲ್ಲಿ, ಅಂದರೆ ಓಪಿಡಿಯಲ್ಲಿ, ಬೆಳಗಿನ ಹೊತ್ತು ನೂಕುನುಗ್ಗಲು ಜಾಸ್ತಿ. ಹಳ್ಳಿಗಳಿಂದ ಮೊದಲ ಬಸ್ಸುಗಳು ಬಂದಿಳಿಯುವುದು ಆಗಲೇ. ಸಹಾಯ ಬೇಕಾಗುವುದೂ ಆಗಲೇ. ಸೋಮವಾರ ಮತ್ತು ಹಬ್ಬದ ರಜೆ ಮುಗಿದ ಮರುದಿನ ಇನ್ನೂ ಜನ ಜಾಸ್ತಿ. ಕೆಲಸಕ್ಕೆ ಹೋಗುವವರಾದರೆ ಸಂಜೆ ಅಥವಾ ಭಾನುವಾರ ವಾರ್ಡಿನ ಕೆಲಸ ಕೇಳಿಕೊಳ್ಳಬಹುದು.

ಹಂತ 2: ಆಸ್ಪತ್ರೆ ಆರಿಸಿಕೊಳ್ಳಿ, ಸರಿಯಾದ ಬಾಗಿಲು ತಟ್ಟಿ

ಕೋಲಾರದಲ್ಲಿ ಮೊದಲು ನೆನಪಾಗುವುದು ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ. ಎಲ್ಲರ ಬಾಯಲ್ಲೂ ಅದು ಎಸ್‌ಎನ್‌ಆರ್ ಆಸ್ಪತ್ರೆ. ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿಗೆ ಸೇರಿದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಮಿಷನ್ ಕಾಲದ ಇಟಿಸಿಎಂ ಆಸ್ಪತ್ರೆಯೂ ಊರಿನಲ್ಲೇ ಇದೆ. ಖಾಸಗಿ ಮತ್ತು ಟ್ರಸ್ಟ್ ಆಸ್ಪತ್ರೆಗಳಲ್ಲಿ ಆಡಳಿತ ಕಚೇರಿಯಲ್ಲಿ ಅಥವಾ ವೈದ್ಯಕೀಯ ಸಮಾಜ ಕಾರ್ಯಕರ್ತರ ಹತ್ತಿರ ಕೇಳಬೇಕು. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಆಯ್ಕೆ ಸರ್ಕಾರಿ ಆಸ್ಪತ್ರೆಯೇ ಆಗಲಿ. ಜೊತೆಗೆ ಯಾರೂ ಇಲ್ಲದೆ ಬರುವವರು ಅಲ್ಲಿ ಜಾಸ್ತಿ.

ಜಿಲ್ಲಾ ಆಸ್ಪತ್ರೆಯ ಮುಖ್ಯಸ್ಥರು ಜಿಲ್ಲಾ ಶಸ್ತ್ರಚಿಕಿತ್ಸಕರು. ದಿನದಿನದ ಆಡಳಿತ ನೋಡುವವರು ನಿವಾಸಿ ವೈದ್ಯಾಧಿಕಾರಿ. ಎಲ್ಲರೂ 'ಆರ್‌ಎಂಓ' ಎನ್ನುತ್ತಾರೆ. ವಾರ್ಡುಗಳ ಹಿಡಿತ ಇರುವುದು ನರ್ಸಿಂಗ್ ಸೂಪರಿಂಟೆಂಡೆಂಟ್ ಕೈಯಲ್ಲಿ. ತಾಲ್ಲೂಕು ಆಸ್ಪತ್ರೆಯಾದರೆ ಆಡಳಿತ ವೈದ್ಯಾಧಿಕಾರಿಯನ್ನು ಕಾಣಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಆಸ್ಪತ್ರೆಯ ನಿರ್ವಹಣೆಗೆ ನೆರವಾಗುವ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅದರ ಸದಸ್ಯರಲ್ಲಿ ನಿಮ್ಮ ಪರಿಚಯದವರಿದ್ದರೆ ಒಂದು ಮಾತು ಹೇಳಿಸಿ. ಪರಿಚಯದವರು ಇಲ್ಲದಿದ್ದರೂ ಪರವಾಗಿಲ್ಲ, ಅರ್ಜಿ ಸಾಕು.

ಅಧಿಕಾರಿಗಳನ್ನು ಕಾಣಲು ಬೆಳಿಗ್ಗೆ ಹತ್ತು ಗಂಟೆಗೆ ಹೋಗಬೇಡಿ. ಆಗ ಅವರು ರೌಂಡ್ಸ್‌ನಲ್ಲೋ ಓಪಿಡಿಯಲ್ಲೋ ಇರುತ್ತಾರೆ. ಮಧ್ಯಾಹ್ನ ಊಟದ ನಂತರ ಹೋದರೆ ಸಮಾಧಾನವಾಗಿ ಮಾತಾಡಲು ಸಿಗುತ್ತಾರೆ.

ಹಂತ 3: ಅರ್ಜಿ ಬರೆಯಿರಿ

ಬಾಯಿ ಮಾತಿನಲ್ಲಿ ಒಪ್ಪಿಗೆ ಸಿಕ್ಕರೂ ಬರಹದಲ್ಲಿ ಅನುಮತಿ ಪಡೆಯಿರಿ. ಅಧಿಕಾರಿ ವರ್ಗವಾಗಿ ಹೋದರೆ ಬಾಯಿ ಮಾತೂ ಅವರ ಜೊತೆ ಹೋಗುತ್ತದೆ. ಅರ್ಜಿ ಹೀಗಿದ್ದರೆ ಸಾಕು:

ಗೆ,
ಜಿಲ್ಲಾ ಶಸ್ತ್ರಚಿಕಿತ್ಸಕರು,
ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ, ಕೋಲಾರ.

ವಿಷಯ: ಹೊರರೋಗಿ ವಿಭಾಗದಲ್ಲಿ ಸ್ವಯಂಸೇವೆ ಮಾಡಲು ಅನುಮತಿ ಕೋರಿ.

ಮಾನ್ಯರೇ,
ನಾನು ಕೋಲಾರ ನಗರದ ನಿವಾಸಿ. ಪ್ರತಿ ಸೋಮವಾರ ಬೆಳಿಗ್ಗೆ 9ರಿಂದ 12ರವರೆಗೆ ತಮ್ಮ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ರೋಗಿಗಳಿಗೆ ದಾರಿ ತೋರಿಸುವುದು, ವೀಲ್‌ಚೇರ್ ತಳ್ಳುವುದು, ಅರ್ಜಿ ತುಂಬಿಕೊಡುವುದು ಇತ್ಯಾದಿ ಕೆಲಸಗಳಲ್ಲಿ ಯಾವುದೇ ಸಂಭಾವನೆ ಇಲ್ಲದೆ ಸಹಾಯ ಮಾಡಲು ಇಚ್ಛಿಸುತ್ತೇನೆ. ಚಿಕಿತ್ಸೆಗೆ ಸಂಬಂಧಿಸಿದ ಯಾವ ಕೆಲಸವನ್ನೂ ಮಾಡುವುದಿಲ್ಲ. ರೋಗಿಗಳ ವಿವರಗಳನ್ನು ಗುಟ್ಟಾಗಿಡುತ್ತೇನೆ. ಆಸ್ಪತ್ರೆಯ ನಿಯಮಗಳಿಗೆ ಬದ್ಧನಾಗಿರುತ್ತೇನೆ. ಮೊದಲು ಮೂರು ತಿಂಗಳ ಅವಧಿಗೆ ಅನುಮತಿ ನೀಡಬೇಕೆಂದು ಕೋರುತ್ತೇನೆ.

ಕೆಳಗೆ ಹೆಸರು, ವಿಳಾಸ, ಫೋನ್ ನಂಬರು, ಸಹಿ. ಆಧಾರ್ ಪ್ರತಿ, ಎರಡು ಫೋಟೊ, ನಿಮ್ಮನ್ನು ಬಲ್ಲ ಒಬ್ಬ ಶಿಕ್ಷಕರದೋ ನಿವೃತ್ತ ಅಧಿಕಾರಿಯದೋ ಪರಿಚಯ ಪತ್ರ ಜೊತೆಗಿಡಿ. ಎರಡು ಪ್ರತಿ ಒಯ್ಯಿರಿ. ಒಂದಕ್ಕೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಒಂದು ವಾರ ಬಿಟ್ಟು ಹೋಗಿ ವಿಚಾರಿಸಿ.

ಅರ್ಜಿಯಲ್ಲಿ 'ಚಿಕಿತ್ಸೆಗೆ ಸಂಬಂಧಿಸಿದ ಕೆಲಸ ಮಾಡುವುದಿಲ್ಲ' ಎಂಬ ಸಾಲು ಮುಖ್ಯ. ಅಧಿಕಾರಿಗಳಿಗೆ ಇರುವ ದೊಡ್ಡ ಅಂಜಿಕೆಯೇ ಅದು. ಹೊರಗಿನವರು ಬಂದು ರೋಗಿಗೆ ಏನಾದರೂ ಹೆಚ್ಚುಕಮ್ಮಿ ಮಾಡಿದರೆ ಉತ್ತರ ಹೇಳಬೇಕಾದವರು ಅವರೇ ಅಲ್ವಾ? ಆ ಸಾಲು ಓದಿದ ಮೇಲೆ ಮಾತು ಸಲೀಸಾಗುತ್ತದೆ.

ಅನುಮತಿ ಸಿಕ್ಕ ಮೇಲೆ ಗುರುತಿನ ಚೀಟಿ ಕೇಳಿ ಪಡೆಯಿರಿ. ಅದಿಲ್ಲದೆ ವಾರ್ಡಿನಲ್ಲಿ ಓಡಾಡಬೇಡಿ. ದೊಡ್ಡ ಆಸ್ಪತ್ರೆ ಅಂದರೆ ದಲ್ಲಾಳಿಗಳೂ ಸುತ್ತುತ್ತಿರುತ್ತಾರೆ. 'ನಾನು ಬೇಗ ತೋರಿಸಿಕೊಡ್ತೀನಿ' ಎನ್ನುವ ಅಪರಿಚಿತರಿಗೂ ನಿಮಗೂ ಇರುವ ವ್ಯತ್ಯಾಸ ಹಳ್ಳಿಯವರಿಗೆ ತಿಳಿಯುವುದು ಕತ್ತಿನಲ್ಲಿರುವ ಆ ಚೀಟಿಯಿಂದ.

ಹಂತ 4: ನಿಮ್ಮ ಆರೋಗ್ಯದ ತಯಾರಿ

ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಮೂರು ಡೋಸ್: ಇವತ್ತು ಒಂದು, ಒಂದು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮೂರನೆಯದು. ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿ ಹತ್ತು ವರ್ಷದ ಮೇಲಾಗಿದ್ದರೆ ಅದನ್ನೂ ಹಾಕಿಸಿಕೊಳ್ಳಿ. ನೆಗಡಿ, ಕೆಮ್ಮು, ಜ್ವರ, ಭೇದಿ ಇದ್ದ ದಿನ ಆಸ್ಪತ್ರೆಗೆ ಹೋಗಲೇಬೇಡಿ. ನಿಮಗೆ ಸಣ್ಣ ಜ್ವರ ಅನಿಸಿದ್ದು ಎಳೆಗೂಸಿಗೆ ದೊಡ್ಡದಾಗಬಹುದು. ಗರ್ಭಿಣಿಯರು ಮತ್ತು ರೋಗ ನಿರೋಧಕ ಶಕ್ತಿ ಕಡಿಮೆ ಇರುವವರು ಡಾಕ್ಟರನ್ನು ಕೇಳದೆ ಈ ಕೆಲಸಕ್ಕೆ ಇಳಿಯಬಾರದು.

ಬಟ್ಟೆ ಸರಳವಾಗಿರಲಿ, ತೋಳು ಮೊಣಕೈವರೆಗೆ ಮಾತ್ರ ಇರಲಿ. ಉಂಗುರ, ಬಳೆ, ವಾಚು ಬೇಡ, ಕೈ ಸರಿಯಾಗಿ ತೊಳೆಯಲು ಅಡ್ಡ ಬರುತ್ತವೆ. ಉಗುರು ಕತ್ತರಿಸಿರಲಿ. ಬೆರಳು ಮುಚ್ಚುವ ಚಪ್ಪಲಿ ಅಥವಾ ಶೂ ಹಾಕಿ. ಸೆಂಟು ಬೇಡ, ಉಬ್ಬಸ ಇರುವವರಿಗೆ ತೊಂದರೆ. ಜೇಬಿನಲ್ಲಿ ಎರಡು ಪೆನ್ನು, ಒಂದು ಸಣ್ಣ ನೋಟ್‌ಬುಕ್ಕು, ಓದುವ ಕನ್ನಡಕ. ಕೋಲಾರ ನಗರದೊಳಗಿನವರಲ್ಲದ ಮಹಿಳೆಯರಿಗೆ ಒಂದು ಅನುಕೂಲ ಇದೆ: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳ ಪ್ರಯಾಣ ಉಚಿತ. ಓಡಾಟದ ಖರ್ಚೇ ಅಡ್ಡಿಯಾಗಿದ್ದವರು ಇದನ್ನು ನೆನಪಿಟ್ಟುಕೊಳ್ಳಿ.

ಹಂತ 5: ಮೊದಲ ವಾರ ಸುಮ್ನೆ ಓಡಾಡಿ ನೋಡಿ

ಮೊದಲ ದಿನವೇ ಸಹಾಯಕ್ಕೆ ನುಗ್ಗಬೇಡಿ. ರೋಗಿಯ ಜಾಗದಲ್ಲಿ ನಿಂತು ಇಡೀ ಆಸ್ಪತ್ರೆ ಸುತ್ತಿ ಬನ್ನಿ. ನೋಂದಣಿ ಕೌಂಟರ್‌ನಿಂದ ಶುರು ಮಾಡಿ. ಕಣ್ಣು, ಮೂಳೆ, ಚರ್ಮ, ಹಲ್ಲು, ಮಕ್ಕಳದು, ಹೆರಿಗೆಯದು, ಯಾವ ವಿಭಾಗ ಎಲ್ಲಿದೆ? ಲ್ಯಾಬ್‌ನಲ್ಲಿ ರಕ್ತ ಕೊಡುವ ಕಿಟಕಿ ಒಂದಾದರೆ ರಿಪೋರ್ಟ್ ಕೊಡುವ ಕಿಟಕಿ ಇನ್ನೊಂದಿರಬಹುದು. ಎಕ್ಸ್‌ರೇ, ಸ್ಕ್ಯಾನಿಂಗ್, ಔಷಧಿ ಕೌಂಟರ್, ರಕ್ತನಿಧಿ, ಡಯಾಲಿಸಿಸ್, ನಾಯಿ ಕಡಿತದ ಇಂಜೆಕ್ಷನ್ ಕೊಠಡಿ ಎಲ್ಲ ಬರೆದುಕೊಳ್ಳಿ. ಕುಡಿಯುವ ನೀರು ಎಲ್ಲಿ, ಹೆಂಗಸರ ಶೌಚಾಲಯ ಎಲ್ಲಿ, ಇಳಿಜಾರು ದಾರಿ ಯಾವ ಬಾಗಿಲಲ್ಲಿದೆ, ವೀಲ್‌ಚೇರ್ ಎಲ್ಲಿ ನಿಲ್ಲಿಸಿರುತ್ತಾರೆ. ಜನ ಅತಿ ಹೆಚ್ಚು ಕೇಳುವುದು ಶೌಚಾಲಯದ ದಾರಿ. ಅದನ್ನು ಕೇಳಲು ಸಂಕೋಚಪಟ್ಟು ಸುಮ್ಮನಿರುವ ಹೆಂಗಸರೂ ಬಹಳ.

ವಾರದ ಯಾವ ದಿನ ಏನು ನಡೆಯುತ್ತದೆ ಎಂಬ ಪಟ್ಟಿ ಮಾಡಿ. ಅಂಗವಿಕಲರ ಗುರುತಿನ ಚೀಟಿಗೆ ತಪಾಸಣೆ, ಗರ್ಭಿಣಿಯರ ತಪಾಸಣೆ, ಮಕ್ಕಳ ಲಸಿಕೆ ಇವಕ್ಕೆಲ್ಲ ಗೊತ್ತಾದ ದಿನಗಳಿರುತ್ತವೆ. ದೂರದ ಹಳ್ಳಿಯಿಂದ ಕೂಲಿ ಬಿಟ್ಟು ಬಂದವರಿಗೆ 'ಇವತ್ತಿಲ್ಲ, ಗುರುವಾರ ಬನ್ನಿ' ಎಂದರೆ ಎಂಥ ನಷ್ಟ! ಆ ಪಟ್ಟಿ ನಿಮ್ಮ ನೋಟ್‌ಬುಕ್ಕಿನಲ್ಲಿದ್ದರೆ, ಅವರು ಮುಂದಿನ ಬಾರಿಯಾದರೂ ಸರಿಯಾದ ದಿನ, ಸರಿಯಾದ ಕಾಗದದ ಜೊತೆ ಬರುತ್ತಾರೆ.

ಕಾವಲುಗಾರರು, ಆಯಾಗಳು, ಡಿ ಗ್ರೂಪ್ ನೌಕರರ ಹೆಸರು ಕೇಳಿ ತಿಳಿದುಕೊಳ್ಳಿ. ಆಸ್ಪತ್ರೆಯ ಒಳಹೊರಗು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

ಹಂತ 6: ಓಪಿಡಿಯಲ್ಲಿ ಒಂದು ಬೆಳಿಗ್ಗೆ

ಇದೇ ನಿಮ್ಮ ಮುಖ್ಯ ಕೆಲಸ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಶ್ರೀನಿವಾಸಪುರ ಕಡೆಯ ಒಬ್ಬ ಅಜ್ಜಿ ಬಂದರು ಎಂದುಕೊಳ್ಳಿ. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ನಾಲ್ಕು ವರ್ಷದ ಎಕ್ಸ್‌ರೇ, ಅರ್ಧ ಖಾಲಿಯಾದ ಮಾತ್ರೆ ಹಾಳೆಗಳು, ಬೇರೆ ಬೇರೆ ಡಾಕ್ಟರ ಚೀಟಿಗಳು, ರೇಷನ್ ಕಾರ್ಡ್, ಯಾರದೋ ಮದುವೆ ಪತ್ರಿಕೆಯ ಹಿಂದೆ ಬರೆದ ಮಗನ ಫೋನ್ ನಂಬರು. ಮೊದಲು ಅವರನ್ನು ಕೂರಿಸಿ. ನೀವು ನಿಂತು ಮಾತಾಡಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. 'ಏನಜ್ಜಿ, ಏನಾಗ್ತಿದೆ?' ಎಂದು ಕೇಳಿ. ಕೋಲಾರದಲ್ಲಿ ಅರ್ಧ ಜನರ ಮನೆಮಾತು ತೆಲುಗು. ಕೆಜಿಎಫ್ ಕಡೆಯವರಾದರೆ ತಮಿಳು, ಊರೊಳಗಿನ ಎಷ್ಟೋ ಮನೆಗಳಲ್ಲಿ ಉರ್ದು. ಅವರ ಮಾತು ನಿಮಗೆ ಬಂದರೆ ಅದರಲ್ಲೇ ಕೇಳಿ. ನೋವನ್ನು ಮನೆಮಾತಿನಲ್ಲಿ ಹೇಳಿಕೊಂಡಷ್ಟು ಸರಿಯಾಗಿ ಬೇರೆ ಮಾತಿನಲ್ಲಿ ಹೇಳಲಾಗುವುದಿಲ್ಲ.

ಅವರು ಹೇಳಿದ್ದನ್ನು ಕೇಳಿ ಯಾವ ವಿಭಾಗ ಎಂದು ನೀವೇ ತೀರ್ಮಾನಿಸಬೇಡಿ. ನೋಂದಣಿ ಕೌಂಟರ್‌ಗೆ ಕರೆದೊಯ್ದು ಅಲ್ಲಿ ಹೇಳಿಸಿ. ಆದರೆ ಎದೆ ನೋವು, ಉಸಿರಾಟದ ಕಷ್ಟ, ಬಾಯಿ ಸೊಟ್ಟಗಾಗಿರುವುದು, ಒಂದು ಕೈಕಾಲು ಸ್ವಾಧೀನ ತಪ್ಪಿರುವುದು, ಹಾವು ಕಡಿದಿರುವುದು, ವಿಷ ಕುಡಿದಿರುವುದು, ಗರ್ಭಿಣಿಗೆ ರಕ್ತಸ್ರಾವ, ಇವು ಕಂಡರೆ ಚೀಟಿ, ಸಾಲು ಯಾವುದನ್ನೂ ನೋಡಬೇಡಿ. ನೇರ ತುರ್ತು ಚಿಕಿತ್ಸಾ ಘಟಕಕ್ಕೆ. ಚೀಟಿ ಆಮೇಲೆ ಮಾಡಿಸಬಹುದು.

ಡಾಕ್ಟರ್ ಹತ್ತಿರ ಹೋಗುವ ಮುಂಚೆ ಕವರಿನ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಹೊಸದು ಮೇಲಿರಲಿ. ಈಗ ತಗೊಳ್ಳುತ್ತಿರುವ ಮಾತ್ರೆಗಳನ್ನು ಬೇರೆ ಇಡಿ. ಡಾಕ್ಟರಿಗೆ ಹೇಳಬೇಕಾದ ಎರಡು ಮೂರು ಸಂಗತಿಗಳನ್ನು ಒಂದು ಚೂರು ಕಾಗದದಲ್ಲಿ ಅವರ ಮಾತಿನಲ್ಲೇ ಬರೆದುಕೊಡಿ. 'ಹದಿನೈದು ದಿನದಿಂದ ರಾತ್ರಿ ಹೊತ್ತು ಕಾಲು ಉರಿ. ಸಕ್ಕರೆ ಮಾತ್ರೆ ಒಂದು ತಿಂಗಳಿಂದ ತಗೊಂಡಿಲ್ಲ.' ಇಷ್ಟೇ. ಸಾಲಿನಲ್ಲಿ ಗಂಟೆಗಟ್ಟಲೆ ಕಾದು ಒಳಗೆ ಹೋದ ಮೇಲೆ ಹೇಳಬೇಕಾದ್ದೇ ಮರೆತುಹೋಗುವುದು ಎಲ್ಲರಿಗೂ ಆಗುತ್ತದೆ. ಈ ಚೂರು ಕಾಗದ ಡಾಕ್ಟರ ಸಮಯವನ್ನೂ ಉಳಿಸುತ್ತದೆ.

ಪರೀಕ್ಷೆಗೆ ಬರೆದರೆ ಎರಡು ವಿಷಯ ತಿಳಿದುಕೊಳ್ಳಿ: ಖಾಲಿ ಹೊಟ್ಟೆ ಬೇಕೋ ಬೇಡವೋ, ರಿಪೋರ್ಟ್ ಯಾವಾಗ. ಸಕ್ಕರೆ ಪರೀಕ್ಷೆಗೆ ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟ ಮಾಡಿದ ಎರಡು ಗಂಟೆಗೆ ಇನ್ನೊಮ್ಮೆ ರಕ್ತ ಕೊಡಬೇಕು. ಆ ಎರಡು ಗಂಟೆ ಊಟ ಶುರು ಮಾಡಿದಾಗಿನಿಂದ ಲೆಕ್ಕ. ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿದು ಬಂದಿದ್ದರೆ ಲ್ಯಾಬಿನವರಿಗೆ ಅದನ್ನು ಮುಚ್ಚಿಡದೆ ಹೇಳಿಸಿ. ಕಿಬ್ಬೊಟ್ಟೆಯ ಸ್ಕ್ಯಾನಿಂಗ್‌ಗೆ ನೀರು ಕುಡಿದು ಮೂತ್ರ ತಡೆದುಕೊಳ್ಳಲು ಹೇಳಿರುತ್ತಾರೆ. ಅಜ್ಜಿ ಅರ್ಧದಲ್ಲಿ ಎದ್ದು ಶೌಚಾಲಯಕ್ಕೆ ಹೋಗಿಬಂದರೆ ಮತ್ತೆ ಮೊದಲಿಂದ ಕಾಯಬೇಕು. ಯಾಕೆ ತಡೆದುಕೊಳ್ಳಬೇಕು ಎಂದು ವಿವರಿಸಿ ಹೇಳಿದರೆ ಕೇಳುತ್ತಾರೆ.

ಔಷಧಿ ಕೌಂಟರ್‌ನಲ್ಲಿ ಫಾರ್ಮಸಿಸ್ಟ್ ಏನು ಹೇಳಿದರೋ ಅದನ್ನಷ್ಟೇ ಕವರಿನ ಮೇಲೆ ಗುರುತು ಮಾಡಿಕೊಡಿ. ಓದಲು ಬಾರದವರಿಗೆ ಬೆಳಗಿನ ಮಾತ್ರೆ ಮೇಲೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆಯಿರಿ. ಆಮೇಲೆ 'ನೀವೇ ಒಂದ್ಸಲ ಹೇಳಿ ನೋಡೋಣ' ಎಂದು ಅವರ ಬಾಯಲ್ಲಿ ಹೇಳಿಸಿ. ತಲೆ ಆಡಿಸಿದರು ಅಂದ ಮಾತ್ರಕ್ಕೆ ಅರ್ಥವಾಯಿತು ಅಂತ ಅಲ್ಲ. ತಪ್ಪು ಹೇಳಿದರೆ ನೀವು ತಿದ್ದಬೇಡಿ, ಮತ್ತೆ ಫಾರ್ಮಸಿಸ್ಟ್ ಹತ್ತಿರವೇ ಕೇಳಿಸಿ.

ವೀಲ್‌ಚೇರ್ ತಳ್ಳುವುದಕ್ಕೂ ಕ್ರಮ ಇದೆ. ಕೂರಿಸುವ ಮುಂಚೆ ಎರಡೂ ಬ್ರೇಕ್ ಹಾಕಿ, ಕಾಲಿಡುವ ತಟ್ಟೆಗಳನ್ನು ಮೇಲೆ ಮಡಚಿ. ಕೂತ ಮೇಲೆ ತಟ್ಟೆ ಬಿಡಿಸಿ ಪಾದ ಇಡಿಸಿ. ಸೀರೆ ಸೆರಗು, ಪಂಚೆಯ ಅಂಚು ಚಕ್ರಕ್ಕೆ ಸಿಗದ ಹಾಗೆ ತೊಡೆ ಮೇಲೆ ಎಳೆದಿಡಿ. ಇಳಿಜಾರಿನಲ್ಲಿ ಇಳಿಯುವಾಗ ನೀವು ಹಿಂದೆ ಹಿಂದೆ ಹೆಜ್ಜೆ ಇಟ್ಟು ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಿ. ಹೊರಡುವ ಮುಂಚೆ 'ತಳ್ತೀನಿ ಅಜ್ಜಿ' ಎಂದು ಹೇಳಿ. ಬಿದ್ದು ಪೆಟ್ಟಾದವರನ್ನು, ಸೊಂಟ ಅಥವಾ ಕತ್ತು ನೋವು ಎನ್ನುವವರನ್ನು ನೀವಾಗಿ ಎತ್ತಿ ಕೂರಿಸಬೇಡಿ, ಸಿಬ್ಬಂದಿಯನ್ನು ಕರೆಯಿರಿ.

ಹಂತ 7: ಆಯುಷ್ಮಾನ್ ಕೌಂಟರ್ ಮತ್ತು ಕಾಗದಪತ್ರ

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಗೊತ್ತಿಲ್ಲದ ಸ್ವಯಂಸೇವಕರಿಂದ ಅರ್ಧ ಉಪಯೋಗವಷ್ಟೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದರಲ್ಲಿ ಸಿಗುತ್ತದೆ. ಎಪಿಎಲ್ ಕುಟುಂಬವಾದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) 30 ಶೇಕಡ ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿ. ಬೇಕಾಗುವುದು ಆಧಾರ್ ಮತ್ತು ರೇಷನ್ ಕಾರ್ಡ್. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದ ರೆಫರಲ್ ಪತ್ರ ಪಡೆದು ಯೋಜನೆಗೆ ಸೇರಿದ ಬೇರೆ ಆಸ್ಪತ್ರೆಗೆ ಹೋಗಬೇಕು. ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಕಿಲ್ಲ. ಕೌಂಟರ್‌ನಲ್ಲಿರುವ ಆರೋಗ್ಯಮಿತ್ರ ಇವನ್ನೆಲ್ಲ ನೋಡಿಕೊಳ್ಳುತ್ತಾರೆ.

ಇಲ್ಲಿ ನಿಮ್ಮ ಕೆಲಸ ಏನು? ಹೆಸರುಗಳನ್ನು ತಾಳೆ ನೋಡುವುದು. ಆಧಾರ್‌ನಲ್ಲಿ 'ವೆಂಕಟಮ್ಮ', ರೇಷನ್ ಕಾರ್ಡಿನಲ್ಲಿ 'ವೆಂಕಟಲಕ್ಷ್ಮಮ್ಮ' ಅಂತಿದ್ದರೆ, ಮದುವೆಯಾಗಿ ಹೋದ ಮಗಳ ಹೆಸರು ತವರಿನ ಕಾರ್ಡಿನಲ್ಲೇ ಉಳಿದಿದ್ದರೆ ಕೆಲಸ ನಿಲ್ಲುತ್ತದೆ. ಇದು ಆಪರೇಷನ್ ದಿನವೇ ಗೊತ್ತಾಗುವ ಬದಲು ಮೊದಲೇ ಗೊತ್ತಾದರೆ ಸರಿಪಡಿಸಿಕೊಳ್ಳಲು ಸಮಯ ಇರುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಹತ್ತಿರ ಇದೆಯೇ ಎಂದೂ ಕೇಳಿ. ಓಟಿಪಿ ಬರುವ ಫೋನು ಎಷ್ಟೋ ಸಲ ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನ ಜೇಬಿನಲ್ಲಿರುತ್ತದೆ. ಅವನಿಗೆ ಫೋನ್ ಮಾಡಿಸಿ. ಆದರೆ ಓಟಿಪಿಯನ್ನು ನಿಮ್ಮ ಫೋನಿಗೆ ತರಿಸಿಕೊಳ್ಳಬೇಡಿ, ಯಾರ ಆಧಾರ್ ಫೋಟೊವನ್ನೂ ನಿಮ್ಮ ಮೊಬೈಲಿನಲ್ಲಿ ತೆಗೆಯಬೇಡಿ.

ಹೆರಿಗೆಗೆ ಬಂದವರಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ಊಟ, ಬೇಕಾದರೆ ರಕ್ತ, ಮನೆಗೆ ವಾಪಸ್ ಬಿಡುವ ವಾಹನ, ಎಲ್ಲ ಉಚಿತ. ಇದು ಬಾಣಂತಿಯ ಹಕ್ಕು ಎಂದು ಮನೆಯವರಿಗೆ ತಿಳಿಸಿಹೇಳಿ. ಫೋನ್ ನಂಬರುಗಳು ಬಾಯಿಗೆ ಬರಲಿ: ಆಂಬುಲೆನ್ಸ್‌ಗೆ 108, ಆರೋಗ್ಯ ಸಹಾಯವಾಣಿಗೆ 104, ಮಾನಸಿಕ ನೆರವಿಗೆ 14416, ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181.

ಹಂತ 8: ವಾರ್ಡಿಗೆ ಹೋಗುವ ಮುಂಚೆ

ಮೂರು ತಿಂಗಳು ಓಪಿಡಿಯಲ್ಲಿ ಕೆಲಸ ಮಾಡಿದ ಮೇಲೆ ವಾರ್ಡಿನ ಕೆಲಸ ಕೇಳಿ. ಒಳಗೆ ಕಾಲಿಟ್ಟ ಕೂಡಲೇ ಡ್ಯೂಟಿಯಲ್ಲಿರುವ ಸಿಸ್ಟರ್‌ಗೆ ಹೇಳಿ, ಹೊರಡುವಾಗಲೂ ಹೇಳಿ ಹೊರಡಿ.

ರೋಗಿಗೆ ನೀರು ಕೊಡುವುದೂ ನಿಮ್ಮ ತೀರ್ಮಾನ ಆಗಬಾರದು. ಆಪರೇಷನ್‌ಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು, ಇಲ್ಲದಿದ್ದರೆ ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಪಾರ್ಶ್ವವಾಯು ಆದವರಿಗೆ ನುಂಗಲು ಆಗದೆ ಇರಬಹುದು. 'ಒಂದು ಗುಟುಕು ಕೊಡಪ್ಪ' ಎಂದು ಗೋಗರೆದರೂ ಸಿಸ್ಟರನ್ನು ಕೇಳಿಯೇ ಕೊಡಿ. ಗ್ಲೂಕೋಸ್ ಬಾಟಲಿ ಖಾಲಿಯಾಗಿದ್ದರೆ ಮುಟ್ಟಬೇಡಿ, ಓಡಿಹೋಗಿ ಹೇಳಿ. ಆಕ್ಸಿಜನ್, ಕ್ಯಾತಿಟರ್ (ಮೂತ್ರದ ಕೊಳವೆ), ಬ್ಯಾಂಡೇಜ್ ಯಾವುದಕ್ಕೂ ಕೈ ಹಾಕಬೇಡಿ. 'ಈ ಮಾತ್ರೆ ನಮ್ಮ ಮಾವನಿಗೆ ಚೆನ್ನಾಗಿ ಹಿಡಿಸ್ತು' ಎಂಬಂಥ ಮಾತು ಬಾಯಿಂದ ಬರಲೇಬಾರದು.

ಹಾಗಾದರೆ ಮಾಡುವುದೇನು? ಬೇಕಾದಷ್ಟಿದೆ. ರೋಗಿ ಜೊತೆಗಿರುವವರು ಸ್ನಾನಕ್ಕೋ ಊಟಕ್ಕೋ ಹೋಗಿಬರುವವರೆಗೆ ಹಾಸಿಗೆ ಪಕ್ಕ ಕೂರುವುದು. ಫೋನ್ ಚಾರ್ಜ್‌ಗೆ ಹಾಕಿಕೊಡುವುದು. ಪೇಪರ್ ಓದಿ ಹೇಳುವುದು. ಮಕ್ಕಳ ವಾರ್ಡಿನಲ್ಲಿ ಕಾಗದ, ಬಣ್ಣದ ಪೆನ್ಸಿಲ್ ಕೊಟ್ಟು ಚಿತ್ರ ಬರೆಸುವುದು. ಆಟಿಕೆ ಒಯ್ದರೆ ತೊಳೆಯಲು ಬರುವಂಥದ್ದೇ ಆಗಿರಲಿ, ಬಟ್ಟೆಯ ಗೊಂಬೆ ಬೇಡ.

ಇನ್ನೊಂದು ಕೆಲಸ ಇದೆ, ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅಡ್ಮಿಟ್ ಆಗಿ ಎಂದರೆ ನಮ್ಮ ಕಡೆ ಹೆಂಗಸರು ಮೊದಲು ಹೇಳುವುದು 'ಹಸು ಯಾರು ನೋಡ್ಕೋತಾರೆ?' ಎಂದು. ಬೆಳಿಗ್ಗೆ ಸಂಜೆ ಹಾಲು ಕರೆದು ಡೇರಿಗೆ ಹಾಕಬೇಕು, ಮನೆ ನಡೆಯುವುದೇ ಆ ಬಟವಾಡೆಯಿಂದ. ಗಂಡಸರಿಗೆ ಟೊಮೆಟೊ ಕೊಯ್ಲಿನ ಚಿಂತೆ. ಇವತ್ತು ಕೊಯ್ದು ಮಂಡಿಗೆ ಹಾಕದಿದ್ದರೆ ನಾಳೆ ಕೊಳೆಯುತ್ತದೆ. ಈ ಚಿಂತೆಯಲ್ಲೇ ಅರ್ಧ ಚಿಕಿತ್ಸೆಗೆ ಎದ್ದು ಹೊರಡಲು ನೋಡುತ್ತಾರೆ. ಅವರಿಗೆ ಬುದ್ಧಿ ಹೇಳಬೇಡಿ. ಊರಲ್ಲಿ ಯಾರಿದ್ದಾರೆ, ಯಾರಿಗೆ ಫೋನ್ ಮಾಡಿದರೆ ಎರಡು ದಿನ ಹಸು ನೋಡಿಕೊಳ್ಳುತ್ತಾರೆ ಎಂದು ಕೇಳಿ, ಅಲ್ಲೇ ಅವರ ಫೋನಿನಿಂದಲೇ ಮಾತಾಡಿಸಿ. ಹಸುವಿಗೆ ಮೇವು ಹಾಕುವವರು ಸಿಕ್ಕರು ಎಂದು ಗೊತ್ತಾದ ಮೇಲೆ ಆ ತಾಯಿ ಹಾಸಿಗೆ ಮೇಲೆ ಕಾಲು ಚಾಚಿ ಒರಗುವುದನ್ನು ನೀವೇ ನೋಡುತ್ತೀರಿ.

ಹಂತ 9: ಕೈ, ಮಾಸ್ಕ್, ಕಸ

ಸೋಪಿನಿಂದ ಕೈ ತೊಳೆಯುವುದಕ್ಕೆ 40ರಿಂದ 60 ಸೆಕೆಂಡ್ ಬೇಕು. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್. ಒಬ್ಬ ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ, ಅವರ ಮಂಚ ಅಥವಾ ಸಾಮಾನು ಮುಟ್ಟಿದ ಮೇಲೂ ಕೈ ಶುದ್ಧ ಮಾಡಿಕೊಳ್ಳಿ. ಹೆಬ್ಬೆರಳು ಮತ್ತು ಉಗುರಿನ ತುದಿ ಬಿಟ್ಟುಹೋಗುವುದು ಸಾಮಾನ್ಯ. ಕ್ಷಯರೋಗದ ವಿಭಾಗಕ್ಕೆ ಎನ್95 ಮಾಸ್ಕ್ ಇಲ್ಲದೆ ಹೋಗಬೇಡಿ.

ಆಸ್ಪತ್ರೆಯ ಬುಟ್ಟಿಗಳಿಗೆ ಬಣ್ಣದ ಲೆಕ್ಕ ಇದೆ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್ ಹಳದಿಗೆ, ಬಳಸಿದ ಪ್ಲಾಸ್ಟಿಕ್ ಟ್ಯೂಬು ಕೆಂಪಿಗೆ, ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ರೋಗಿ ಕಡೆಯವರು ಬಾಳೆಹಣ್ಣಿನ ಸಿಪ್ಪೆಯನ್ನು ಇವುಗಳಲ್ಲಿ ಹಾಕದಂತೆ ಹೇಳಿ. ನೀವು ಸೂಜಿ ಎತ್ತಬೇಡಿ. ಅಕಸ್ಮಾತ್ ಚುಚ್ಚಿದರೆ ಹಿಂಡಬೇಡಿ, ಬಾಯಿಗಿಡಬೇಡಿ. ಹರಿಯುವ ನೀರು ಮತ್ತು ಸೋಪಿನಿಂದ ತೊಳೆದು ತಕ್ಷಣ ಡಾಕ್ಟರಿಗೆ ತಿಳಿಸಿ. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಆದಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಶುರುವಾಗಬೇಕು. ಸಂಕೋಚದಿಂದ ಮುಚ್ಚಿಟ್ಟುಕೊಳ್ಳುವ ಸಂಗತಿ ಇದಲ್ಲ.

ಹಂತ 10: ನೋಡಿದ್ದು, ಕೇಳಿದ್ದು ಅಲ್ಲೇ ಬಿಡಬೇಕು

ಕೋಲಾರ ಸಣ್ಣ ಊರು. ವಾರ್ಡಿನಲ್ಲಿ ಮಲಗಿರುವವರು ನಿಮ್ಮ ಚಿಕ್ಕಮ್ಮನ ಪಕ್ಕದ ಮನೆಯವರಾಗಿರಬಹುದು. ಅವರಿಗೆ ಏನಾಗಿದೆ ಎಂದು ಮನೆಯಲ್ಲೂ ಹೇಳಬೇಡಿ. ಎಚ್‌ಐವಿ ಇರುವವರ ವಿವರವನ್ನು ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಕೇಳಲು ಯಾರಾದರೂ ನಿಮ್ಮನ್ನು ಕಳಿಸಲು ನೋಡಿದರೆ, 1994ರ ಕಾಯ್ದೆ ಪ್ರಕಾರ ಅದು ಅಪರಾಧ ಎಂದು ಖಡಾಖಂಡಿತವಾಗಿ ಹೇಳಿ.

ವಿಷ ಕುಡಿದು ಬಂದವರ ವಿಷಯದಲ್ಲಿ ಇನ್ನೂ ಜೋಪಾನ. ಬೆಳೆಗೆ ಹೊಡೆಯುವ ಔಷಧಿ ಹೊಲದ ಮನೆಗಳಲ್ಲಿ ಕೈಗೆ ಸಿಗುವಂತೆ ಇರುತ್ತದೆ. ಅಂಥವರನ್ನು 'ಯಾಕೆ ಹೀಗೆ ಮಾಡಿಕೊಂಡೆ' ಎಂದು ಕೇಳಬೇಡಿ. ಸುಮ್ಮನೆ ಜೊತೆಗಿರಿ. ಮಾತಾಡಿದರೆ ಕೇಳಿಸಿಕೊಳ್ಳಿ. ಮತ್ತೆ ಸಾಯುವ ಮಾತಾಡಿದರೆ ಅದನ್ನು ಮಾತ್ರ ಗುಟ್ಟಾಗಿಡದೆ ಕೂಡಲೇ ಡಾಕ್ಟರಿಗೆ ತಿಳಿಸಿ.

ಫೋಟೊ, ವಿಡಿಯೊ, ವಾಟ್ಸಾಪ್ ಸ್ಟೇಟಸ್ ಬೇಡವೇ ಬೇಡ. ಹಣ್ಣು ಹಂಚುವ ಫೋಟೊಗೆ ರೋಗಿಯ ಮುಖ ಬಳಸಿಕೊಳ್ಳುವುದು ನನಗೆ ಎಂದೂ ಸರಿ ಕಂಡಿಲ್ಲ.

ಹಣದ ವಿಷಯ: ರೋಗಿಗಳಿಂದ ಒಂದು ಕಾಫಿಯನ್ನೂ ಕುಡಿಯಬೇಡಿ. ನೀವೂ ಅವರಿಗೆ ನಗದು ಕೊಡಬೇಡಿ. ಒಬ್ಬರಿಗೆ ಕೊಟ್ಟರೆ ಪಕ್ಕದ ಮಂಚದವರಿಗೆ ಏನು ಹೇಳುತ್ತೀರಿ? ಸಹಾಯ ಮಾಡಲೇಬೇಕು ಅನಿಸಿದರೆ ಆಸ್ಪತ್ರೆಯ ಮೂಲಕ, ರಸೀದಿ ಪಡೆದು ಮಾಡಿ. ಯಾರಾದರೂ ರೋಗಿಯಿಂದ ಲಂಚ ಕೇಳಿದರು ಎಂದು ನಿಮಗೆ ಹೇಳಿದರೆ ವಾರ್ಡಿನಲ್ಲೇ ಜಗಳಕ್ಕೆ ನಿಲ್ಲಬೇಡಿ. ದಿನ, ಹೊತ್ತು, ಜಾಗ ಬರೆದುಕೊಂಡು, ರೋಗಿಯ ಒಪ್ಪಿಗೆ ಪಡೆದು ಆರ್‌ಎಂಓಗೆ ಲಿಖಿತವಾಗಿ ಕೊಡಿ.

ಹಂತ 11: 'ಬೆಂಗಳೂರಿಗೆ ಕರ್ಕೊಂಡು ಹೋಗಿ' ಎಂದಾಗ

ಕೋಲಾರದವರಿಗೆ ಈ ಮಾತು ಕೇಳಿದರೆ ಕೈಕಾಲು ಆಡುವುದಿಲ್ಲ. ದೂರ 70 ಕಿಲೋಮೀಟರ್ ಒಳಗೇ ಇದ್ದರೂ ಬೇರೆ ಲೋಕಕ್ಕೆ ಹೊರಟಂತೆ ಗಾಬರಿ. ಆಗ ನೀವು ಪಕ್ಕದಲ್ಲಿದ್ದು ಒಂದೊಂದೇ ನೋಡಿಕೊಳ್ಳಿ. ರೆಫರಲ್ ಪತ್ರದಲ್ಲಿ ಆಸ್ಪತ್ರೆಯ ಹೆಸರು, ವಿಭಾಗ, ಸಹಿ, ಮೊಹರು ಇದೆಯೇ? ರಿಪೋರ್ಟು, ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಕೈಯಲ್ಲಿವೆಯೇ? ಆಧಾರ್, ರೇಷನ್ ಕಾರ್ಡ್ ಮೂಲ ಪ್ರತಿ? ಅಲ್ಲಿ ಹಾಸಿಗೆ ಇದೆಯೇ ಎಂದು ಇಲ್ಲಿನ ಡಾಕ್ಟರ್ ಫೋನ್ ಮಾಡಿ ಕೇಳಿದ್ದಾರೆಯೇ? ಆಂಬುಲೆನ್ಸ್ ಬಂತೇ? ಜೊತೆಗೆ ಹೋಗುವವರು ಯಾರು, ಅವರ ಫೋನಿಗೆ ಚಾರ್ಜ್ ಇದೆಯೇ?

ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ, ಮೆದುಳು ಮತ್ತು ನರಕ್ಕೆ ನಿಮ್ಹಾನ್ಸ್, ಮಕ್ಕಳಿಗೆ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ. ಈ ನಾಲ್ಕೂ ಬೆಂಗಳೂರಿನ ದಕ್ಷಿಣ ಭಾಗದಲ್ಲೇ ಇವೆ. ಕಿದ್ವಾಯಿ, ನಿಮ್ಹಾನ್ಸ್, ಮಕ್ಕಳ ಆಸ್ಪತ್ರೆ ಅಂತೂ ಒಂದಕ್ಕೊಂದು ಹತ್ತಿರ. ಎಲ್ಲಿಗೆ ಎಂಬುದನ್ನು ಡಾಕ್ಟರ್ ಹೇಳುತ್ತಾರೆ. ನೀವು ಆ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದುಕೊಡಿ. ದಾರಿಯಲ್ಲಿ ಯಾರೋ 'ಅಲ್ಲಿ ಬೇಡ, ಇಲ್ಲಿ ಒಳ್ಳೇದು' ಎಂದು ಖಾಸಗಿ ಆಸ್ಪತ್ರೆಗೆ ತಿರುಗಿಸಿದರೆ ಒಪ್ಪಬೇಡಿ ಎಂದು ಎಚ್ಚರಿಸಿ.

ಹಂತ 12: ಆಸ್ಪತ್ರೆಗೆ ಬರಲಾಗದವರಿಗೆ

ವಾರಕ್ಕೊಮ್ಮೆ ಬರಲು ಆಗದವರು ರಕ್ತ ಕೊಡಬಹುದು. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಜೂನ್ 14ರ ವಿಶ್ವ ರಕ್ತದಾನಿಗಳ ದಿನ, ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ ಎಂದು ಶಿಬಿರಗಳಲ್ಲಿ ಎಲ್ಲರೂ ಒಂದೇ ದಿನ ಕೊಡುವುದಕ್ಕಿಂತ ವರ್ಷಪೂರ್ತಿ ಹಂಚಿ ಕೊಡುವುದು ಮೇಲು. ಕೆಂಪು ರಕ್ತಕಣ ಸುಮಾರು 35ರಿಂದ 42 ದಿನ ಉಳಿಯುತ್ತದೆ. ಪ್ಲೇಟ್‌ಲೆಟ್ ಐದೇ ದಿನ. ಮಳೆಗಾಲದ ಡೆಂಗಿ ಹೊತ್ತಿಗೆ ಅದರ ಬೇಡಿಕೆ ಏರುತ್ತದೆ. ಅದಕ್ಕೇ ರಕ್ತನಿಧಿಯಲ್ಲಿ ನಿಮ್ಮ ಗುಂಪು, ಫೋನ್ ನಂಬರು ಬರೆಸಿಟ್ಟು, ಕರೆದಾಗ ಹೋಗಿ.

ಇನ್ನೊಂದು ದಾರಿ, ನಿ-ಕ್ಷಯ್ ಮಿತ್ರ. 2022ರಲ್ಲಿ ಶುರುವಾದ ಈ ಯೋಜನೆಯಲ್ಲಿ ನೀವು ಒಬ್ಬ ಕ್ಷಯರೋಗಿಗೆ ಕನಿಷ್ಠ ಆರು ತಿಂಗಳು ಬೇಳೆಕಾಳು, ಎಣ್ಣೆ, ಧಾನ್ಯದ ಪೊಟ್ಟಣ ಕೊಡಿಸುವ ಹೊಣೆ ಹೊರಬಹುದು. ಚಿಕಿತ್ಸೆಯೂ ಸಾಮಾನ್ಯವಾಗಿ ಆರು ತಿಂಗಳು. ಮಾತ್ರೆ ಜೊತೆಗೆ ಹೊಟ್ಟೆ ತುಂಬ ಊಟ ಇಲ್ಲದಿದ್ದರೆ ಕ್ಷಯ ಬಗ್ಗುವುದು ಕಷ್ಟ. ಜಿಲ್ಲಾ ಕ್ಷಯರೋಗ ಕೇಂದ್ರದಲ್ಲಿ ಅಥವಾ ನಿ-ಕ್ಷಯ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬಹುದು.

ಹಂತ 13: ನಿಮ್ಮ ಮನಸ್ಸು, ನಿಮ್ಮ ರಜೆ

ನೀವು ಮಾತಾಡಿಸಿದ್ದ ಮಗು ಮುಂದಿನ ವಾರ ಹಾಸಿಗೆಯಲ್ಲಿ ಇಲ್ಲದಿರಬಹುದು. ಇದಕ್ಕೆ ತಯಾರಿ ಅಂತ ಇಲ್ಲ. ಆದರೆ ಒಬ್ಬರೇ ಹೊರಬೇಡಿ. ಜೊತೆಯ ಸ್ವಯಂಸೇವಕರ ಹತ್ತಿರ, ಆ ವಾರ್ಡಿನ ಸಿಸ್ಟರ್ ಹತ್ತಿರ ಮಾತಾಡಿ. ಅವರು ಇದನ್ನು ವರ್ಷಗಟ್ಟಲೆ ಕಂಡವರು. ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ ಒಂದು ತಿಂಗಳು ಬಿಡುವು ತಗೊಳ್ಳಿ. ಮನೆಯಲ್ಲಿ ಸಾವಾಗಿ ಕೆಲವೇ ತಿಂಗಳಾಗಿರುವವರು ಈಗಲೇ ವಾರ್ಡಿಗೆ ಬರುವುದು ಬೇಡ, ಓಪಿಡಿಯ ಕೆಲಸ ಸಾಕು.

ಬರಲಾಗದ ದಿನ ಹಿಂದಿನ ಸಂಜೆಯೇ ತಿಳಿಸಿ. ಕೆಲಸ ಪೂರ್ತಿ ಬಿಡುವುದಾದರೆ ಹದಿನೈದು ದಿನ ಮುಂಚೆ ಹೇಳಿ, ಗುರುತಿನ ಚೀಟಿ ಕಚೇರಿಗೆ ಒಪ್ಪಿಸಿ. ನಿಮ್ಮ ನೋಟ್‌ಬುಕ್ಕಿನಲ್ಲಿರುವ ಕೊಠಡಿಗಳ ಪಟ್ಟಿ, ಯಾವ ದಿನ ಯಾವ ತಪಾಸಣೆ, ಯಾವ ಕಿಟಕಿಯಲ್ಲಿ ಯಾವ ಕಾಗದ, ಇವನ್ನು ನೀಟಾಗಿ ಬರೆದು ನಿಮ್ಮ ಜಾಗಕ್ಕೆ ಬರುವವರಿಗೆ ಕೊಡಿ. ರೋಗಿಗಳ ಹೆಸರು, ನಂಬರು ಇರುವ ಹಾಳೆಗಳನ್ನು ಮಾತ್ರ ಹರಿದು ಚೂರು ಮಾಡಿ. ಸಾಧ್ಯವಾದರೆ ಹೊಸಬರ ಜೊತೆ ಒಂದು ಬೆಳಿಗ್ಗೆ ನೀವೂ ನಿಂತು, ನೋಂದಣಿ ಕೌಂಟರ್‌ನಿಂದ ರಕ್ತನಿಧಿಯವರೆಗೆ ನಡೆದು ತೋರಿಸಿ.